ಬೆಕ್ಕಿಗೆ ಬಿಗಿಯಾಗುವ ಸ್ವೆಟರು

ಗುರುವಾರ ಮೂರನೇ ಪೀರಿಯಡ್ಡು ಕೈಕೆಲಸ.
ನರೀನ್ ಊರಿನ ನಮ್ಮ ಶಾಲೆಯಲ್ಲಿ ಕಲ್ಲಿದ್ದಲ ಒಲೆ
ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು.
ಹದಿನೇಳು ಮಕ್ಕಳು, ಹದಿನೇಳು ಪ್ಲಾಸ್ಟಿಕ್ ಚೀಲ,
ಚೀಲದೊಳಗೆ ಅವರವರ ಮನೆಯ ಕುರಿ.

ಕುರಿಯೆಂದರೆ ಕುರಿಯಲ್ಲ, ಅದು ಕಳಚಿಕೊಟ್ಟ ಅಂಗಿ.
ಬೆಗಿಮಾಯಳದು ಹಾಲುಬಿಳಿ, ಬಾಚಿ ತಂದದ್ದು.
ಎರ್ಕಿನನದರಲ್ಲಿ ಮುಳ್ಳು, ಹಿಕ್ಕೆ, ಒಂದು ಸತ್ತ ಜೇಡ.
ಜೇಡ ಇರಲಿ ಅಕ್ಕಾ, ಅಂದ.
ಇಲ್ಲ, ಅಂದೆ.

ಚಾಪೆ ಹಾಸಿದೆ. ಚಿಯ್ ಹುಲ್ಲಿನ ಒರಟು ಚಾಪೆ,
ನನ್ನ ಅತ್ತೆ ನೇಯ್ದದ್ದು, ಒಂದು ಮೂಲೆ ಇಲಿ ತಿಂದದ್ದು.
ಉಣ್ಣೆಯ ಮೊದಲ ಪದರ ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ,
ಮೇಲೆ ಬಣ್ಣದ ಎಳೆಯಲ್ಲಿ ಬೇಕಾದ್ದು ಬರೆಯಿರಿ ಅಂದೆ.
ಬೇಕಾದ್ದು ಅಂದರೆ ಎಲ್ಲರಿಗೂ ಕುದುರೆಯೇ.
ನುರಿಲಾಳಿಗೆ ಮಾತ್ರ ಟ್ರ್ಯಾಕ್ಟರು.

ಆಮೇಲೆ ಬಿಸಿನೀರು, ಸಾಬೂನು, ಸುರುಳಿ, ಹಗ್ಗ.
ಆಮೇಲೆ ಕಾಲು.
ಒದೆಯಿರಿ ಎಂದು ಅಕ್ಕನೇ ಹೇಳಿಕೊಡುವ ಪಾಠ
ಮೂರನೇ ತರಗತಿಯಲ್ಲಿ ಇದೊಂದೇ.
ಒದ್ದರು ನೋಡಿ!
ಧಡ್ ಧಡ್ ಧಡಾರ್, ಉರುಳುರುಳು ಉರುಳು,
ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ.
ಪಕ್ಕದ ಕೋಣೆಯ ಗಣಿತದ ಮೇಷ್ಟ್ರು
ಎರಡು ಸಲ ಬಂದು ಬಾಗಿಲಲ್ಲಿ ಕಣ್ಣು ಬಿಟ್ಟರು,
ಮೂರನೇ ಸಲ ಬೂಟು ಬಿಚ್ಚಿ
ತಾವೂ ಒಂದು ಒದ್ದು ಹೋದರು.

ತುರಾತ್ ಮಾತ್ರ ಒದೆಯಲಿಲ್ಲ.
ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.
ಉಣ್ಣೆ ತಂದಿಲ್ಲವೇನೋ?
ತಂದಿದ್ದೇನೆ. ಆದರೆ ಅದು ಸತ್ತುಹೋಗಿದೆ.

ತೆಗೆದ. ಬೂದು ಸ್ವೆಟರು.
ದಂಡಿನಲ್ಲಿರುವ ಅಣ್ಣನದು.
ಅಣ್ಣ ಬರುವುದರೊಳಗೆ ಒಗೆದಿಡೋಣವೆಂದು
ಇವನೇ ಕುದಿನೀರಿಗೆ ಹಾಕಿ, ಕೋಲಲ್ಲಿ ಬಡಿದು,
ಹಿಂಡಿ, ಸಾಲದೆಂದು ಮತ್ತೆ ಕುದಿಸಿದ್ದಾನೆ.
ಆರಡಿ ಅಣ್ಣನ ಸ್ವೆಟರು ಈಗ
ಬೆಕ್ಕಿಗೆ ಬಿಗಿಯಾಗುತ್ತದೆ.
ಹತ್ತು ದಿನದಿಂದ ಪುಸ್ತಕಗಳ ಕೆಳಗೆ ಅಡಗಿಸಿಕೊಂಡು
ಶಾಲೆಗೂ ಮನೆಗೂ ಹೊತ್ತು ತಿರುಗುತ್ತಿದ್ದಾನೆ.

ಬೆಳಕಿಗೆ ಹಿಡಿದೆ. ಸೂಜಿಮೊನೆಯಷ್ಟು ತೂತಿಲ್ಲ.
ಹೆಣಿಗೆಯೆಲ್ಲ ಒಂದರೊಳಗೊಂದು ಕರಗಿ
ಗಾಳಿಯೂ ನುಸುಳದ ಗಟ್ಟಿ ಕಂಬಳಿ.
ನೋಡ್ರೋ, ಅಂದೆ,
ನೀವು ಹದಿನಾರು ಜನ, ಮೂವತ್ತೆರಡು ಕಾಲು,
(ಮೇಷ್ಟ್ರದೂ ಸೇರಿದರೆ ಮೂವತ್ತಮೂರು)
ಇಷ್ಟು ಹೊತ್ತು ಮಾಡುತ್ತಿರುವುದನ್ನು
ಇವನೊಬ್ಬ ಯಾರಿಗೂ ಹೇಳದೆ ಮಾಡಿ ಮುಗಿಸಿದ್ದಾನೆ.

ತುರಾತ್ ನಗಲಿಲ್ಲ.
ಅಳಬೇಕೆಂದಿದ್ದನ್ನು ಮರೆತ, ಅಷ್ಟೇ.

ಸುರುಳಿ ಬಿಚ್ಚಿದಾಗ ಕುದುರೆಗಳು
ಕುಗ್ಗಿ ನಾಯಿಗಳಾಗಿದ್ದವು, ಒಂದು ಒಂಟೆಯಾಗಿತ್ತು.
ಟ್ರ್ಯಾಕ್ಟರು ಮಾತ್ರ ಟ್ರ್ಯಾಕ್ಟರೇ.
ಎರ್ಕಿನನದರಲ್ಲಿ ಜೇಡ ಇತ್ತು.

ಕತ್ತರಿಸಲು ಮೊದಲು ಬಿಡಲಿಲ್ಲ ಅವನು.
ಕತ್ತರಿಸಿದರೆ ನಿಜವಾಗಿಬಿಡುತ್ತೆ, ಅಂದ.
ಅದಾಗಲೇ ನಿಜ, ಅಂದಳು ನುರಿಲಾ, ಕತ್ತರಿ ಚಾಚಿ.
ಕರ್ ಕರ್ ಎಂದು ಒಂದು ತೋಳು ಬಂತು.
ತುದಿ ಹೊಲಿದರು, ಬಾಯಿಗೆ ದಾರ ಪೋಣಿಸಿದರು,
ಒಳಗೆ ಚುಕೋ ತುಂಬಿದರು:
ಕುರಿಯ ಹಿಂಗಾಲಿನ ಕೀಲೆಲುಬು,
ಬೇಯಿಸಿ ತಿಂದು ಉಜ್ಜಿ ಒಣಗಿಸಿ
ಪ್ರತಿ ಮನೆಯ ಕಿಟಕಿಯಲ್ಲಿ ಕಾಯುವ ಆಟ.

ಗಂಟೆ ಹೊಡೆಯಿತು. ಅಂಗಳದ ಹೆಪ್ಪುಗಟ್ಟಿದ ನೆಲದಲ್ಲಿ
ಹಿಮ್ಮಡಿಯಿಂದ ಗೀರಿದ ವೃತ್ತ.
ನಡುವೆ ಎಲುಬಿನ ರಾಶಿ.
ತುರಾತ್ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ,
ಕೆಂಪು ಬಳಿದ ಸಾಕಾವನ್ನು ಬೆರಳಿಂದ ಚಿಮ್ಮಿದ.
ಟಣ್!
ಐದು ಹೊರಗೆ. ಆರನೆಯದು
ಗೆರೆಯ ಮೇಲೇ ಕೂತು ಜಗಳ ಹಚ್ಚಿತು.
ಗಣಿತದ ಮೇಷ್ಟ್ರನ್ನು ಕರೆಸಿ ಅಳೆಸಿದರು.

ಇನ್ನೊಂದು ತೋಳು ಕತ್ತರಿಸಿಲ್ಲ.
ಅದು ಅಣ್ಣನಿಗಂತೆ, ಏಪ್ರಿಲ್‌ಗೆ.
ಅವನೂ ಚುಕೋ ಆಡುತ್ತಾನಂತೆ,
ಬಹಳ ಕೆಟ್ಟದಾಗಿ.